ಮನೆಯ ಪೆಟ್ಟಿಗೆ, ದೂರದ ಕಣಜ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯ ಮೇಲೆ ಕನ್ನಡ ಪಂಡಿತರು ಎದ್ದು ನಿಂತರೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತಾಡುವರೆಂದು ಸಭಿಕರು ಎದುರುನೋಡುವುದು ಸಹಜ. ಆದರೆ ಕಾರ್ಯದರ್ಶಿಗಳು ಈ ಸಲ ನಮಗೆ ಒಪ್ಪಿಸಿದ ವಿಷಯವೇ ಬೇರೆ. ಗಣಕದಲ್ಲಿಯೂ ಮೊಬೈಲಿನಲ್ಲಿಯೂ ಕೂಡಿಬಿದ್ದಿರುವ ಭಾವಚಿತ್ರಗಳನ್ನು ನಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳುವುದು ಲೇಸೋ, ಅಂತರಜಾಲದ ಮೂಲಕ ದೂರದ ಕಣಜಕ್ಕೆ ಒಪ್ಪಿಸಿಬಿಡುವುದು ಲೇಸೋ ಎಂಬುದೇ ಆ ವಿಷಯ. ಕಾಸರಗೋಡು ಸೀಮೆಯ ಕನ್ನಡ ಮನೆಗಳಲ್ಲಿರುವ ಹಳೆಯ ಚಿತ್ರಗಳನ್ನೆಲ್ಲ ಕಲೆಹಾಕಬೇಕೆಂದು ಸಂಘವು ನಿಶ್ಚಯಿಸಿರುವುದರಿಂದ ಈ ಪ್ರಶ್ನೆ ಹುಟ್ಟಿತು. ಗಣಕಶಾಸ್ತ್ರ ಬಲ್ಲವರು ಊರಿನಲ್ಲಿ ಹಲವರಿರುವಾಗ ಪಂಡಿತರನ್ನೇಕೆ ಕರೆದಿರಿ ಎಂದು ಕೇಳಿದೆವು. “ಒಮ್ಮೆ ಕಳೆದುಕೊಂಡವರು ನೀವು, ಕಾಯುವ ಬಗೆಯನ್ನು ನೀವೇ ಹೇಳಬೇಕು” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದುದರಿಂದ ಮೊದಲಿಗೆ ನಮ್ಮ ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ಉತ್ಸವಕ್ಕಾಗಿ ನಾವು ಮನೆಮನೆಗೂ ಹೋಗಿ ೩೦೦ಕ್ಕೂ ಮಿಕ್ಕ ಹಳೆಯ ಚಿತ್ರಗಳನ್ನು ಬೇಡಿ ತಂದೆವು. ತರಗತಿಯ ಗುಂಪುಚಿತ್ರಗಳು, ಮಕ್ಕಳ ಯಕ್ಷಗಾನದ ವೇಷಗಳು, ನಿವೃತ್ತರಾದ ಅಧ್ಯಾಪಕರ ಬೀಳ್ಕೊಡುಗೆಯ ಚಿತ್ರಗಳು, ಹೀಗೆ. ಅವನ್ನೆಲ್ಲ ಎರಡು ತಿಂಗಳು ಕುಳಿತು ಸ್ಕ್ಯಾನ್ ಮಾಡಿ, ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ, ಮೂಲಚಿತ್ರಗಳನ್ನು ಅವರವರಿಗೆ ಹಿಂದಿರುಗಿಸಿದೆವು. ಡಿಸ್ಕನ್ನು ರೇಷ್ಮೆಯ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಕಪಾಟಿನಲ್ಲಿರಿಸಿ ಬೀಗ ಹಾಕಿದೆವು. ಕೆಲಸ ಮುಗಿಯಿತೆಂದು ನಂಬಿದೆವು.

ಮೂರು ಮಳೆಗಾಲ ಕಳೆದ ಮೇಲೆ, ಒಂದು ಆಟಿ ತಿಂಗಳಲ್ಲಿ ಅದನ್ನು ತೆಗೆದು ಗಣಕಕ್ಕೆ ಜೋಡಿಸಿದಾಗ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿತೇ ಹೊರತು ಒಂದು ಚಿತ್ರವೂ ತೆರೆದುಕೊಳ್ಳಲಿಲ್ಲ. ದುರಸ್ತಿ ಮಾಡುವವರಲ್ಲಿಗೆ ಒಯ್ದೆವು, ಫಲವಾಗಲಿಲ್ಲ. ಮತ್ತೆ ಮನೆಮನೆಗೆ ಹೋದೆವು. ಕೆಲವು ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟಿದ್ದರು. ಅಟ್ಟದ ಸಾಮಾನು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಕೆಲವು ಚಿತ್ರಗಳನ್ನು ಗೆದ್ದಲು ಮುಗಿಸಿತ್ತು. “ನಿಮ್ಮಲ್ಲಿ ಇದೆಯಲ್ಲ ಎಂದು ನಾವು ಜೋಪಾನ ಮಾಡಲಿಲ್ಲ ಮಾಷ್ಟ್ರೇ” ಎಂದು ಒಬ್ಬ ಹಿರಿಯರು ಹೇಳಿದಾಗ ನಮಗೆ ತಲೆಯೆತ್ತಲಾಗಲಿಲ್ಲ.

ಉತ್ಸವದ ಕಾಲಕ್ಕೆ ವಾಟ್ಸಾಪಿನಲ್ಲಿ ಗೆಳೆಯರಿಗೆ ಕಳುಹಿಸಿದ್ದ ೨೦ ಚಿತ್ರಗಳು ಮಾತ್ರ ಉಳಿದವು. ಅವುಗಳಲ್ಲೊಂದು ಗುಂಪುಚಿತ್ರ. ಮುಂದಿನ ಸಾಲಿನ ಹುಡುಗನೊಬ್ಬ ಕಪ್ಪುಹಲಗೆಯೊಂದನ್ನು ಮಡಿಲಲ್ಲಿ ಹಿಡಿದುಕೊಂಡು ಕುಳಿತಿದ್ದಾನೆ. ಅದರ ಮೇಲೆ ಶಾಲೆಯ ಹೆಸರು, ತರಗತಿ, ಇಸವಿ ಇವನ್ನು ಕನ್ನಡದಲ್ಲಿ ಸೀಮೆಸುಣ್ಣದಿಂದ ಬರೆದಿತ್ತು. ನಾವು ಸ್ಕ್ಯಾನ್ ಮಾಡಿದಾಗ ಆ ಅಕ್ಷರಗಳನ್ನು ಸ್ಪಷ್ಟವಾಗಿ ಓದಿದ್ದೆವು. ವಾಟ್ಸಾಪು ಕಳುಹಿಸುವಾಗ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಈಗ ಹಲಗೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಆ ಶಾಲೆಯಲ್ಲಿ ಇಂದು ಕನ್ನಡದ ತರಗತಿಯೂ ಇಲ್ಲ. ಅಲ್ಲಿ ಒಂದು ಕಾಲಕ್ಕೆ ಕನ್ನಡವಿತ್ತೆಂಬುದಕ್ಕೆ ಆ ಹಲಗೆಯೇ ಸಾಕ್ಷಿಯಾಗಿತ್ತು.

ಮಹನೀಯರೆ, ನಮ್ಮ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಈ ಕಥೆ ಹೊಸದಲ್ಲ. ಹತ್ತನೆಯ ಶತಮಾನದ ಕವಿಚಕ್ರವರ್ತಿ ಪೊನ್ನನು ‘ಶಾಂತಿಪುರಾಣ’ವನ್ನೂ ‘ಭುವನೈಕರಾಮಾಭ್ಯುದಯ’ವನ್ನೂ ರಚಿಸಿದನು. ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಶಾಂತಿಪುರಾಣವು ಇಂದಿಗೂ ನಮ್ಮ ಕೈಯಲ್ಲಿದೆ, ಭುವನೈಕರಾಮಾಭ್ಯುದಯವು ದೊರೆತಿಲ್ಲ. ಕವಿಯೊಬ್ಬನೇ, ಕಾಲವೊಂದೇ, ಓಲೆಯ ಜಾತಿಯೂ ಒಂದೇ. ಪ್ರತಿಗಳ ಸಂಖ್ಯೆಯೊಂದೇ ಇದಕ್ಕೆ ಕಾರಣವೆಂದು ಹಠ ಹಿಡಿಯಲಾರೆವು. ಆದರೂ ಆ ತಾಯಿಯು ಪೆಟ್ಟಿಗೆಯ ಗಟ್ಟಿತನವನ್ನು ನಂಬಲಿಲ್ಲ, ಪ್ರತಿಗಳ ಬಹುಳತೆಯನ್ನು ನಂಬಿದಳು ಎಂಬುದು ಮನನೀಯ. ನಾವು ರೇಷ್ಮೆಯ ಬಟ್ಟೆಯನ್ನೂ ಬೀಗವನ್ನೂ ನಂಬಿದೆವು. ಇಂದಿನ ನಮ್ಮ ಮಾತಿನ ಸಾರವೆಲ್ಲ ಇಷ್ಟೇ.

ಇನ್ನು ವಿಷಯದ ವಿವರಕ್ಕೆ ಬರೋಣ. ಮೊದಲು ಗಾತ್ರದ ಲೆಕ್ಕ. ೪ ಅಂಗುಲ ಅಗಲ, ೬ ಅಂಗುಲ ಉದ್ದದ ಚಿತ್ರವೊಂದನ್ನು ಅಂಗುಲಕ್ಕೆ ೬೦೦ ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ೨೪೦೦ನ್ನು ೩೬೦೦ರಿಂದ ಗುಣಿಸಿದಷ್ಟು, ಎಂದರೆ ೮೬ ಲಕ್ಷ ೪೦ ಸಾವಿರ ಚುಕ್ಕೆಗಳಾಗುತ್ತವೆ. ಒಂದೊಂದು ಚುಕ್ಕೆಯ ಬಣ್ಣಕ್ಕೆ ೩ ಬೈಟುಗಳು. ಏನನ್ನೂ ಕುಗ್ಗಿಸದೆ ಟಿಫ್ ಎಂಬ ರೂಪದಲ್ಲಿ ಇಟ್ಟರೆ ಒಂದು ಚಿತ್ರಕ್ಕೆ ಸುಮಾರು ೨೬ ಎಂಬಿ ಸ್ಥಳ ಬೇಕು. ಅಂತಹ ೧೦೦೦ ಚಿತ್ರಗಳಿಗೆ ೨೬ ಜಿಬಿ. ೧೦ ಅಂಗುಲಕ್ಕೆ ೧೨ ಅಂಗುಲದ ಗುಂಪುಚಿತ್ರವಾದರೆ ಒಂದಕ್ಕೇ ಸುಮಾರು ೧೩೦ ಎಂಬಿ. ಜೆಪೆಗ್ ಎಂಬ ರೂಪದಲ್ಲಿಟ್ಟರೆ ಗಾತ್ರ ಬಹಳ ತಗ್ಗುತ್ತದೆ. ಆದರೆ ಸೂಕ್ಷ್ಮ ವಿವರಗಳನ್ನು ಅದು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ನಿತ್ಯ ನೋಡಲಿಕ್ಕೂ ಹಂಚಲಿಕ್ಕೂ ಜೆಪೆಗ್ ಸಾಕು. ಕಾಪಿಡುವ ಮೂಲಪ್ರತಿ ಕುಗ್ಗದೆ ಇರತಕ್ಕದ್ದು. ಹಲಗೆಯ ಮೇಲಿನ ಅಕ್ಷರ ಉಳಿಯುವುದು ಆ ಮೂಲದಲ್ಲಿಯೇ.

ಮನೆಯ ಪೆಟ್ಟಿಗೆಯ ಗುಣಗಳನ್ನು ನೋಡೋಣ. ಹಾರ್ಡ್ ಡಿಸ್ಕು ಒಮ್ಮೆ ಕೊಂಡರಾಯಿತು, ತಿಂಗಳು ತಿಂಗಳು ಬಾಡಿಗೆಯಿಲ್ಲ. ಅಂತರಜಾಲ ಇಲ್ಲದ ಊರಿನಲ್ಲಿಯೂ ತೆರೆದು ನೋಡಬಹುದು. ೨೬ ಜಿಬಿಯನ್ನು ಅದಕ್ಕೆ ತುಂಬಲು ಕೆಲವೇ ನಿಮಿಷಗಳು ಸಾಕು. ಅದೇ ೨೬ ಜಿಬಿಯನ್ನು ಸೆಕೆಂಡಿಗೆ ೫ ಮೆಗಾಬಿಟ್ ವೇಗದಲ್ಲಿ ಅಂತರಜಾಲಕ್ಕೆ ಏರಿಸಬೇಕಾದರೆ ಎಡೆಬಿಡದೆ ೧೧ ಗಂಟೆಗಳಿಗೂ ಮಿಕ್ಕಿ ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟು ಇರುವುದೇ ದೊಡ್ಡದು. ಇದಕ್ಕೂ ಮಿಗಿಲಾಗಿ, ಮನೆಯ ಡಿಸ್ಕಿನೊಳಗಿನದನ್ನು ಯಾವ ಕಂಪನಿಯೂ ನಿಯಮ ಬದಲಾಯಿಸಿ ನಮಗೆ ನಿರಾಕರಿಸಲಾರದು.

ದೋಷಗಳೂ ಅಷ್ಟೇ ಇವೆ. ಡಿಸ್ಕಿನೊಳಗೆ ಕನ್ನಡಿಯಂತಹ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಅವನ್ನು ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಮೇಜಿನಿಂದ ಒಮ್ಮೆ ಬಿದ್ದರೆ ತೀರಿತು. ಬೀಳದಿದ್ದರೂ ವಯಸ್ಸಾಗಿ ನಿಲ್ಲುತ್ತದೆ. ಪೆನ್ ಡ್ರೈವಿನಲ್ಲಿಯೂ ಎಸ್‌ಎಸ್‌ಡಿಯಲ್ಲಿಯೂ ತಿರುಗುವ ಭಾಗಗಳಿಲ್ಲ. ಅವು ವಿದ್ಯುದಂಶವನ್ನು ಹಿಡಿದಿಡುವಂತಹವು. ವರ್ಷಗಟ್ಟಲೆ ಜೋಡಿಸದೆ ಮೂಲೆಯಲ್ಲಿಟ್ಟರೆ ಆ ಅಂಶ ಮೆಲ್ಲಮೆಲ್ಲನೆ ಸೋರಿಹೋಗಬಹುದು. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಸೀಮೆಯ ತೇವವು ಸಿಡಿಗಳಿಗೆ ಬೂಷ್ಟು ಹಿಡಿಸುವುದನ್ನು, ಲೋಹದ ತುದಿಗಳಿಗೆ ಕಿಲುಬು ತರುವುದನ್ನು ತಾವೆಲ್ಲ ಕಂಡಿದ್ದೀರಿ. ೨೦೧೮ರ ಆಗಸ್ಟಿನಲ್ಲಿ ಕೇರಳವನ್ನು ಮುಳುಗಿಸಿದ ಪ್ರವಾಹವನ್ನೂ, ೨೦೨೪ರ ಜುಲೈ ೩೦ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಬೆಟ್ಟವೇ ಜರಿದುದನ್ನೂ ನಾವು ಮರೆಯಲಾರೆವು. ಮನೆಯೇ ಉಳಿಯದ ಮೇಲೆ ಮನೆಯೊಳಗಿನ ಪೆಟ್ಟಿಗೆಯ ಮಾತೇನು?

ಹಾಗಾದರೆ ದೂರದ ಕಣಜವೇ ಮೇಲೋ? ಕ್ಲೌಡ್ ಎಂದು ಕರೆಯುತ್ತಾರಾದರೂ ಮೋಡದಲ್ಲಿ ಏನೂ ಇಲ್ಲ. ಎಲ್ಲಿಯೋ ಒಂದು ಕಟ್ಟಡ. ಅದರೊಳಗೆ ಸಾಲುಸಾಲಾಗಿ ನಮ್ಮ ಮನೆಯದರಂತಹವೇ ಡಿಸ್ಕುಗಳು. ಒಂದು ಡಿಸ್ಕು ಕೆಟ್ಟರೆ ಇನ್ನೊಂದರಿಂದ ತುಂಬಿಸಿಕೊಳ್ಳುವ ಏರ್ಪಾಡು ಅಲ್ಲಿ ಇರುತ್ತದೆ, ಕಾವಲಿರುತ್ತದೆ, ತಂಪಿರುತ್ತದೆ. ನಮ್ಮೂರಲ್ಲಿ ನೆರೆ ಬಂದರೂ ಅಲ್ಲಿ ಬರುವುದಿಲ್ಲ. ದುಬೈಯಲ್ಲಿರುವ ಮಗನೂ ಬದಿಯಡ್ಕದಲ್ಲಿರುವ ತಾಯಿಯೂ ಒಂದೇ ಚಿತ್ರವನ್ನು ಏಕಕಾಲಕ್ಕೆ ನೋಡಬಹುದು. ಇವು ಸಣ್ಣ ಉಪಕಾರಗಳಲ್ಲ.

ಆದರೆ ಕಣಜಕ್ಕೂ ಬೆಂಕಿ ಬೀಳುತ್ತದೆ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ತ್ರಾಸ್‌ಬೂರ್ ನಗರದಲ್ಲಿ ಓವಿಎಚ್ ಎಂಬ ಸಂಸ್ಥೆಯ ಇಂತಹ ಕಟ್ಟಡವೊಂದು ಸಂಪೂರ್ಣವಾಗಿ ಸುಟ್ಟುಹೋಯಿತು. ಬೇರೆಡೆ ಪ್ರತಿ ಇರಿಸದಿದ್ದ ಗಿರಾಕಿಗಳು ಎಲ್ಲವನ್ನೂ ಕಳೆದುಕೊಂಡರು. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರಕಾರಿ ಕೇಂದ್ರದಲ್ಲಿ ಬೆಂಕಿ ಹತ್ತಿ, ನೌಕರರ ಕಡತಗಳಿದ್ದ ೮೫೮ ಟೆರಾಬೈಟುಗಳ ಕಣಜ ನಾಶವಾಯಿತು. ಗಾತ್ರ ತೀರ ದೊಡ್ಡದೆಂಬ ಕಾರಣದಿಂದ ಅದಕ್ಕೆ ಬೇರೆಡೆ ಪ್ರತಿಯನ್ನೇ ಇರಿಸಿರಲಿಲ್ಲವಂತೆ. ಗಣಕವಿದ್ಯೆಯಲ್ಲಿ ಜಗತ್ತಿಗೆ ಮುಂದಾದ ನಾಡಿನ ಸರಕಾರವೇ ನಮ್ಮಂತೆ ಒಂದೇ ಕಪಾಟನ್ನು ನಂಬಿತ್ತು!

ಬೆಂಕಿಯಿಲ್ಲದೆಯೂ ಕಣಜದ ಬಾಗಿಲು ಮುಚ್ಚುವುದುಂಟು. ಗೂಗಲ್ ಫೋಟೋಸ್ ಎಂಬ ಸೇವೆಯು ಸ್ವಲ್ಪ ಕುಗ್ಗಿಸಿದ ಚಿತ್ರಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಟ್ಟುಕೊಳ್ಳುತ್ತಿತ್ತು. ೨೦೨೧ರ ಜೂನ್ ೧ರಿಂದ ಆ ಸೌಕರ್ಯ ನಿಂತು, ಹೊಸ ಚಿತ್ರಗಳೆಲ್ಲ ೧೫ ಜಿಬಿಯ ಉಚಿತ ಮಿತಿಯೊಳಗೆ ಲೆಕ್ಕವಾದವು. ನಮ್ಮ ೧೦೦೦ ಚಿತ್ರಗಳಿಗೇ ೨೬ ಜಿಬಿ ಬೇಕೆಂದು ಮೊದಲೇ ಹೇಳಿದೆವಷ್ಟೆ. ಮಿಕ್ಕುದಕ್ಕೆ ಬಾಡಿಗೆ ತೆರಬೇಕು, ಬಾಡಿಗೆ ತೆರುವವರು ಇರಬೇಕು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅದರೊಳಗಿನ ಚಿತ್ರಗಳ ಸಹಿತ ಅಳಿಸಬಹುದೆಂದು ೨೦೨೩ರಲ್ಲಿ ಅದೇ ಸಂಸ್ಥೆ ನಿಯಮ ಮಾಡಿತು. ಇನ್ನೊಂದು ಮೋಸ ಹೋಗುವ ಎಡೆ ಇದೆ. ಮೊಬೈಲಿಗೂ ಕಣಜಕ್ಕೂ ನಂಟು ಕಟ್ಟಿರುವಾಗ, ಮೊಬೈಲಿನಲ್ಲಿ ಸ್ಥಳವಿಲ್ಲವೆಂದು ಚಿತ್ರವನ್ನು ಅಳಿಸಿದರೆ ಕಣಜದಲ್ಲಿಯೂ ಅದು ಅಳಿಯಬಹುದು. ಕಸದ ಬುಟ್ಟಿಯಲ್ಲಿ ೬೦ ದಿನ ಕಾದು ಆಮೇಲೆ ಮಾಯವಾಗುತ್ತದೆ. ಕನ್ನಡಿಯೊಳಗಿನ ಬಿಂಬ ಎರಡನೆಯ ಪ್ರತಿಯಲ್ಲ.

ನಮ್ಮ ಹಿರಿಯ ಮಿತ್ರರೊಬ್ಬರ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚುವವರೆಗೂ ರಾತ್ರಿಯೆಲ್ಲ ಆಟದ ಗರದಲ್ಲಿ ನಿಂತು ಯಕ್ಷಗಾನದ ಚಿತ್ರ ತೆಗೆಯುತ್ತಿದ್ದವರು ಅವರು. ನಮ್ಮ ಡಿಸ್ಕಿನ ಗತಿಯನ್ನು ಕೇಳಿ ನಕ್ಕು, “ಪಂಡಿತರೆ, ನನ್ನದೆಲ್ಲ ಆನ್‌ಲೈನಿನಲ್ಲಿ ಭದ್ರವಾಗಿದೆ” ಎಂದಿದ್ದರು. ಒಂದು ದಿನ ಹೃದಯಾಘಾತವಾಗಿ ತೀರಿಕೊಂಡರು. ಅವರ ಖಾತೆಯ ಪಾಸ್‌ವರ್ಡ್ ಮನೆಯವರಿಗೆ ತಿಳಿದಿರಲಿಲ್ಲ. ಹೊಸ ಪಾಸ್‌ವರ್ಡಿಗೆ ಒಟಿಪಿ ಹೋಗುವುದು ಅವರ ಮೊಬೈಲ್ ಸಂಖ್ಯೆಗೆ. ತಿಂಗಳುಗಟ್ಟಲೆ ರೀಚಾರ್ಜ್ ಮಾಡದೆ ಆ ಸಂಖ್ಯೆ ರದ್ದಾಗಿತ್ತು. ಚಿತ್ರಗಳು ಎಲ್ಲಿಯೋ ಸುರಕ್ಷಿತವಾಗಿಯೇ ಇದ್ದವು. ಪತ್ನಿ ಮಕ್ಕಳಿಗೆ ಮಾತ್ರ ಅವು ಇಲ್ಲದಂತೆಯೇ ಆದವು. ನಮ್ಮದು ಪೆಟ್ಟಿಗೆ ಕೆಟ್ಟು ಹೋಯಿತು, ಅವರದು ಕೀಲಿಕೈ ಕಳೆದು ಹೋಯಿತು.

ಆದುದರಿಂದ ಮನೆಯೋ ಕಣಜವೋ ಎಂದು ವಾದಿಸುವುದು ವ್ಯರ್ಥ. ಎಷ್ಟು ಪ್ರತಿ, ಎಲ್ಲೆಲ್ಲಿ, ಯಾರ ಕೈಯಲ್ಲಿ ಎಂಬ ಮೂರು ಪ್ರಶ್ನೆಗಳನ್ನೇ ಕೇಳಿಕೊಳ್ಳತಕ್ಕದ್ದು. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಬಳಕೆಗೆ ತಂದ ‘೩-೨-೧’ ಎಂಬ ಸೂತ್ರ ನೆನಪಿಡಲು ಸುಲಭವಾಗಿದೆ. ಪ್ರತಿಗಳು ೩ ಇರಲಿ. ಅವು ೨ ಬಗೆಯ ಸಾಧನಗಳಲ್ಲಿರಲಿ. ೧ ಪ್ರತಿಯಾದರೂ ಬೇರೆ ಊರಿನಲ್ಲಿರಲಿ. ಒಂದು ಸಂಸಾರಕ್ಕೆ ಇದನ್ನು ಹೀಗೆ ಹೊಂದಿಸಬಹುದು. ಮನೆಯ ಗಣಕದಲ್ಲಿ ಒಂದು ಪ್ರತಿ. ಬೇರೆಯೇ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು; ಅದನ್ನು ತುಂಬಿಸಿದೊಡನೆ ಗಣಕದಿಂದ ಬಿಡಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬಿಡಿಸಿಡುವುದು ಏಕೆಂದರೆ, ೨೦೧೭ರ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ಕಾಡಿದ ‘ವಾನಾಕ್ರೈ’ಯಂತಹ ಪಿಡುಗು ಗಣಕಕ್ಕೆ ತಗುಲಿದರೆ ಅದಕ್ಕೆ ಜೋಡಿಸಿದ ಡಿಸ್ಕುಗಳನ್ನೂ ಬೀಗ ಜಡಿದು ಹಣ ಕೇಳುತ್ತದೆ, ಬೇರೆ ಬಿದ್ದಿರುವ ಡಿಸ್ಕನ್ನು ಅದು ಮುಟ್ಟಲಾರದು. ಮೂರನೆಯ ಪ್ರತಿ ಅಂತರಜಾಲದ ಕಣಜದಲ್ಲಿರಲಿ. ಎಲ್ಲವನ್ನೂ ಏರಿಸಲು ಶಕ್ತಿಯಿಲ್ಲದವರು ಆಯ್ದ ೧೦೦ ಚಿತ್ರಗಳನ್ನಾದರೂ ಏರಿಸಲಿ. ಅಥವಾ ಇನ್ನೊಂದು ಡಿಸ್ಕನ್ನು ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಇರುವ ಮಗಳ ಮನೆಯಲ್ಲಿರಿಸಲಿ. ವಾಟ್ಸಾಪಿನಲ್ಲಿ ಕಳುಹಿಸಬೇಕಾದಾಗ ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟಾಗಿ ಕಳುಹಿಸಿದರೆ ಅದು ಕುಗ್ಗದೆ ಹೋಗುತ್ತದೆ.

ಕೀಲಿಕೈಯ ಮಾತು. ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ ಕಾಗದದಲ್ಲಿ ಬರೆದು, ಆಸ್ತಿಯ ಕಾಗದಪತ್ರಗಳೊಡನೆ ಇರಿಸಿ, ಮನೆಯಲ್ಲಿ ಇಬ್ಬರಿಗಾದರೂ ತಿಳಿಸಿರಬೇಕು. ನಾವು ದೀರ್ಘಕಾಲ ಖಾತೆಯನ್ನು ತೆರೆಯದಿದ್ದರೆ ಅದರೊಳಗಿನ ಮಾಹಿತಿಯು ಇಂತಹವರಿಗೆ ದೊರೆಯಲಿ ಎಂದು ಮುಂಚಿತವಾಗಿ ಹೆಸರಿಸಿಡುವ ಏರ್ಪಾಡು ಗೂಗಲಿನಲ್ಲಿ ೨೦೧೩ರಿಂದ ಇದೆ. ಅದನ್ನು ಬಳಸಿಕೊಳ್ಳಿರಿ. ಸಂಘದ ಖಾತೆಯಂತೂ ಒಬ್ಬರ ಸ್ವಂತ ಸಂಖ್ಯೆಗೆ ಅಂಟಿಕೊಂಡಿರಬಾರದು.

ಹಳೆಯ ಲಿಪಿಕಾರರು ಓಲೆಗ್ರಂಥದ ಕೊನೆಯಲ್ಲಿ ನೀರಿನಿಂದಲೂ ಎಣ್ಣೆಯಿಂದಲೂ ಸಡಿಲಾದ ಕಟ್ಟಿನಿಂದಲೂ ಇದನ್ನು ಕಾಪಾಡಿರೆಂದು ಓದುಗರನ್ನು ಬೇಡಿಕೊಳ್ಳುವ ವಾಡಿಕೆಯಿತ್ತು. ಓಲೆ ಜೀರ್ಣವಾಗುವ ಮುನ್ನ ಹೊಸ ಓಲೆಗೆ ಪ್ರತಿ ಮಾಡುತ್ತಿದ್ದರು. ಡಿಸ್ಕಿಗೂ ಇದೇ ಧರ್ಮ. ನಾಲ್ಕೈದು ವರ್ಷಗಳಿಗೊಮ್ಮೆ, ಅದು ಚೆನ್ನಾಗಿರುವಾಗಲೇ, ಹೊಸದಕ್ಕೆ ತುಂಬಿಸಿಕೊಳ್ಳಬೇಕು. ಪರೀಕ್ಷೆಗೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿರಿ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು ವಿಜಯದಶಮಿಯಂದು ತೆಗೆದು ನಾಲ್ಕು ಸಾಲು ಓದುವ ರೂಢಿ ನಮ್ಮಲ್ಲಿ ಹಲವರಿಗಿದೆ. ಆ ದಿನವೇ ಡಿಸ್ಕನ್ನೂ ತೆರೆದು, ಅಲ್ಲಲ್ಲಿ ಹತ್ತು ಚಿತ್ರಗಳನ್ನು ನೋಡಿ, ಎರಡು ಪ್ರತಿಗಳಲ್ಲಿ ಕಡತಗಳ ಸಂಖ್ಯೆಯೂ ಗಾತ್ರವೂ ಒಂದೇ ಇದೆಯೇ ಎಂದು ತಾಳೆ ನೋಡಿರಿ. ನಾವು ಪ್ರತಿವರ್ಷ ಹೀಗೆ ಅರ್ಧ ಗಂಟೆ ಕಳೆದಿದ್ದರೆ ಆ ೩೦೦ ಚಿತ್ರಗಳು ಇಂದು ಈ ಸಭಾಂಗಣದ ಗೋಡೆಯ ಮೇಲಿರುತ್ತಿದ್ದವು.

ಕೊನೆಯದಾಗಿ, ಪಂಡಿತರಾಗಿ ಒಂದು ಮಾತು. ಹೆಸರಿಲ್ಲದ ಚಿತ್ರ ಅರ್ಧ ಕಳೆದುಹೋದಂತೆಯೇ ಸರಿ. ಮೊಬೈಲು ಕೊಡುವ ಅಂಕಿಗಳ ಹೆಸರಿನಿಂದ ಮೊಮ್ಮಕ್ಕಳಿಗೆ ಏನು ತಿಳಿದೀತು? ಇಸವಿ, ಊರು, ಸಂದರ್ಭ ಇವು ಕಡತದ ಹೆಸರಿನಲ್ಲಿಯೇ ಇರಲಿ. ಎಡದಿಂದ ಬಲಕ್ಕೆ ಯಾರು ಯಾರು ನಿಂತಿದ್ದಾರೆಂಬುದನ್ನು ಪ್ರತ್ಯೇಕ ಪಟ್ಟಿಯಲ್ಲಿ ಕನ್ನಡದಲ್ಲಿ ಬರೆದು ಚಿತ್ರಗಳ ಜೊತೆಗೇ ಇರಿಸಿರಿ. ಅದು ಯುನಿಕೋಡ್ ಅಕ್ಷರದಲ್ಲಿರಬೇಕು. ಹಿಂದೆ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡ ಬರಹಗಳು ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೋರುವುದನ್ನು ಅಧ್ಯಾಪಕರೆಲ್ಲ ಅನುಭವಿಸಿದ್ದೇವೆ. ಈ ಪಟ್ಟಿಯನ್ನು ಇಂದೇ ಮಾಡಬೇಕು. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ನಮ್ಮೊಡನೆ ಎಂದೆಂದಿಗೂ ಇರುವವರಲ್ಲ. ಅವರ ಸ್ಮರಣೆಗೆ ಎರಡನೆಯ ಪ್ರತಿಯಿಲ್ಲ.

ಇಷ್ಟೆಲ್ಲ ಶ್ರಮ ಏಕೆಂದು ತರುಣರು ಕೇಳಬಹುದು. ೧೯೫೬ರ ನವೆಂಬರ್ ೧ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ನಮ್ಮ ನಾಡು ಅಂದಿನಿಂದ ಕೇರಳದ ಭಾಗವಾಗಿದೆ. ಗಡಿಯಲ್ಲಿರುವವರ ಕಥೆ ಆ ಕಡೆಯವರಿಗೂ ಪೂರ್ತಿ ತಮ್ಮದಲ್ಲ, ಈ ಕಡೆಯವರಿಗೂ ಪೂರ್ತಿ ತಮ್ಮದಲ್ಲ. ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ; ನಮ್ಮ ಹೊಣೆಯನ್ನು ನೆನೆಯುವುದಕ್ಕಾಗಿ ಹೇಳುತ್ತಿದ್ದೇವೆ. ಇಲ್ಲಿನ ಶಾಲೆಗಳಲ್ಲಿ, ಭಜನಾಮಂದಿರಗಳಲ್ಲಿ, ಆಟದ ಗರಗಳಲ್ಲಿ ಕನ್ನಡ ಹೇಗೆ ಬಾಳಿತೆಂಬುದಕ್ಕೆ ನಮ್ಮ ಅಟ್ಟದ ಮೇಲಿನ ಚಿತ್ರಗಳೇ ಆಧಾರ. ಅವನ್ನು ನಾವು ಕಾಯದಿದ್ದರೆ ನಮಗಾಗಿ ಕಾಯುವವರು ಬೇರೆ ಇಲ್ಲ.

ಆದುದರಿಂದ ಸಂಘದಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಸಂಗ್ರಹದ ಒಂದು ಡಿಸ್ಕು ಈ ಕಚೇರಿಯಲ್ಲಿರಲಿ; ಎರಡನೆಯದನ್ನು ಗಡಿಯಾಚೆಯ ಸ್ನೇಹಸಂಘವೊಂದರಲ್ಲಿರಿಸಿ, ಅವರದನ್ನು ನಾವು ಇಟ್ಟುಕೊಳ್ಳೋಣ; ಮೂರನೆಯದು ಮೂವರು ಪದಾಧಿಕಾರಿಗಳಿಗೆ ಕೀಲಿಕೈ ತಿಳಿದ ಆನ್‌ಲೈನ್ ಖಾತೆಯಲ್ಲಿರಲಿ. ಚಿತ್ರ ಕೊಟ್ಟ ಮನೆಗೂ ಅದರ ಪ್ರತಿಯೊಂದನ್ನು ಕೊಡೋಣ. ಕಾಪಿಡುವುದು ಬೇರೆ, ಪ್ರಕಟಿಸುವುದು ಬೇರೆ. ಮನೆಯವರ ಒಪ್ಪಿಗೆಯಿಲ್ಲದೆ ಯಾವ ಚಿತ್ರವನ್ನೂ ಹೊರಗೆ ತೋರಿಸದಿರೋಣ.

ಅಧ್ಯಕ್ಷರು ಅನುಮತಿಯಿತ್ತರೆ, ಇಂದು ಸಂಜೆಯಿಂದಲೇ ಚಿತ್ರಗಳನ್ನು ಸ್ವೀಕರಿಸಲು ನಾವು ಈ ಸಭಾಂಗಣದ ಮೂಲೆಯ ಮೇಜಿನಲ್ಲಿ ಕುಳಿತಿರುತ್ತೇವೆ. ಮುಖಗಳು ಮಾಸಿದ್ದರೂ ಅಂಚು ಹರಿದಿದ್ದರೂ ಚಿಂತೆಯಿಲ್ಲ. ಕಪ್ಪುಹಲಗೆ ಹಿಡಿದ ಹುಡುಗನಿರುವ ಆ ಗುಂಪುಚಿತ್ರದ ಇನ್ನೊಂದು ಪ್ರತಿ ಯಾರದಾದರೂ ಮನೆಯಲ್ಲಿದ್ದರೆ ದಯವಿಟ್ಟು ತನ್ನಿರಿ. ಅದರ ಮೇಲಿನ ಅಕ್ಷರಗಳನ್ನು ಇನ್ನೊಮ್ಮೆ ಓದಬೇಕೆಂಬುದು ನಮ್ಮ ಆಸೆ.

 ಸಿರಿಗನ್ನಡಂ ಗೆಲ್ಗೆ.